ಬ್ಯಾರನ್ ಪಕ್ಕದ ಎರಡು ಗೋಡೆ

ಸುನಂದಮ್ಮನ ಕಣ್ಣಿಗೆ ಒಪ್ಪುವ ಮನೆ ಕಂಪಲಾಪುರದ ಸುತ್ತಮುತ್ತ ಒಂದೂ ಇರಲಿಲ್ಲ. ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತೆಂದರೆ ಹುಣಸೂರು ಬರುವವರೆಗೂ ರಸ್ತೆಯ ಎರಡು ಬದಿಯ ಹೊಸ ಮನೆಗಳನ್ನು ಬೈದುಕೊಂಡೇ ಹೋಗುತ್ತಿದ್ದಳು. ಮುಂದುಗಡೆ ಛತ್ರದ ಹಾಗೆ ಎರಡು ಕಂಬ, ಕಂಬಕ್ಕೆ ಸಿಮೆಂಟಿನ ಬಳ್ಳಿ, ಬಾಗಿಲ ಪಕ್ಕದ ಗೋಡೆಗೆ ಬಚ್ಚಲಿಗೆ ಹಾಕುವ ಟೈಲ್ಸು. ಹಿಂದುಗಡೆ ಹೋಗಿ ನೋಡಿದರೆ ಗಿಲಾವು ಕಾಣದ ಸಿಮೆಂಟ್ ಬ್ಲಾಕು ಹಲ್ಲು ಕಿರಿದುಕೊಂಡು ನಿಂತಿರುತ್ತದೆ.

“ಮಕಕ್ಕೆ ಪೌಡ್ರು ಬಳ್ಕಂಡು ಬೆನ್ನು ತೊಳೀದೆ ಬಂದವ್ರೆ ನೋಡ್ರೀ,” ಎಂದು ಗಂಡ ನಂಜುಂಡಸ್ವಾಮಿಯ ಪಕ್ಕೆಗೆ ತಿವಿಯುತ್ತಿದ್ದಳು.

“ಮೆಲ್ಲುಗೆ ಕಣೆ, ಆ ಮನೆಯೋರೇ ಮುಂದ್ಲ ಸೀಟಲ್ಲಿ ಕೂತವ್ರೆ.”

“ಕೂತಿರ್ಲಿ. ಅವ್ರಿಗೂ ಗೊತ್ತಾಗ್ಲಿ.”

ಇಷ್ಟೆಲ್ಲ ಅನ್ನುವವಳ ಸ್ವಂತ ಮನೆ ಹೇಗಿತ್ತು ಅಂತೀರಾ? ಕೇಳುವ ಧೈರ್ಯ ಊರಲ್ಲಿ ಯಾರಿಗೂ ಇರಲಿಲ್ಲ. ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿಗೆ ಬೆನ್ನು ಅಂಟಿಸಿಕೊಂಡ ನಾಡಹೆಂಚಿನ ಮನೆ ಅದು. ಅವಳ ಮಾವ ಮೊದಲು ಬ್ಯಾರನ್ ಕಟ್ಟಿ, ಬೆಂಕಿ ಕಾಯುವುದಕ್ಕೆ ಹತ್ತಿರವಾಗಲಿ ಎಂದು ಅದರ ಗೋಡೆಯ ಮೇಲೇ ಮನೆಯ ತೊಲೆ ಕೂರಿಸಿದ್ದ. ಅಂದರೆ ಮನೆಗೂ ಬ್ಯಾರನ್ನಿಗೂ ನಡುವೆ ಒಂದೇ ಗೋಡೆ. ಆಷಾಢದಲ್ಲಿ ಬ್ಯಾರನ್ನಿನೊಳಗೆ ಸೊಪ್ಪು ಏರಿಸಿ ಒಲೆಗೆ ಸೌದೆ ತುಂಬಿದರೆ ಒಳಕೋಣೆಯ ಆ ಗೋಡೆ ಎಷ್ಟು ಕಾಯುತ್ತಿತ್ತೆಂದರೆ, ಹಪ್ಪಳ ಅಂಟಿಸಿದರೆ ಒಣಗಿ ಉದುರಬೇಕು. ಚಂದುವನ್ನು ಹೆತ್ತು ತವರಿನಿಂದ ಬಂದ ಸುನಂದಮ್ಮ ಮಲಗಿದ್ದು ಆ ಕೋಣೆಯಲ್ಲೇ. ಕೂಸಿನ ಮೈತುಂಬ ಬೆವರುಸಾಲೆ ಎದ್ದು ರಚ್ಚೆ ಹಿಡಿದರೆ ಅವಳ ಅತ್ತೆ, “ಸೊಪ್ಪಿನ ಮನೇಲಿ ಉಟ್ಟಿದ ಕೂಸು, ಅಭ್ಯಾಸ ಆಯ್ತದೆ ಬುಡು” ಎಂದಿದ್ದಳು. ಅಭ್ಯಾಸವೇನೋ ಆಯಿತು. ಮರೆಯುವುದು ಮಾತ್ರ ಆಗಲಿಲ್ಲ.

ಈಗ ಆ ಚಂದುವಿನ ಹೆಂಡತಿ ರಮ್ಯ ತುಂಬಿದ ಬಸುರಿ. ಕೃಷ್ಣರಾಜನಗರದ ಹುಡುಗಿ, ತವರಿನವರು ಕಾಲುವೆ ನೀರಿನಲ್ಲಿ ಭತ್ತ ಬೆಳೆಯುವ ಮಂದಿ, ಬ್ಯಾರನ್ನಿನ ಶಾಖ ಕಂಡವರಲ್ಲ. ಸೀಮಂತಕ್ಕೆ ಬಂದ ರಮ್ಯಳ ತಾಯಿ ಶಾಂತಲಾ ಒಳಕೋಣೆಗೆ ಕಾಲಿಟ್ಟು, ಮಸಿ ಹಿಡಿದ ಗೋಡೆಯನ್ನು ಒಂದು ಬೆರಳಲ್ಲಿ ಮುಟ್ಟಿ, ಆ ಬೆರಳನ್ನು ಒರೆಸಿಕೊಳ್ಳದೆ ನೆಂಟರಿಗೆಲ್ಲ ಕಾಣುವ ಹಾಗೆ ಎತ್ತಿ ಹಿಡಿದೇ ಹೊರಗೆ ಬಂದಳು.

“ಬೀಗಿತ್ತಿಯೋರೇ, ಬಾಣಂತನ ಮುಗೀತಿದ್ದಂಗೆ ಮಗೂನ ಕರ್ಕೊಂಡೋಗ್ತೀವಿ ಅಂತಿದ್ರಿ. ಎಲ್ಲಿಗೆ? ಸೊಪ್ಪಿನ ಜೊತೆ ಬೇಯಿಸೋದಕ್ಕಾ?”

“ನನ್ ಮಗ ಇದೇ ಕೋಣೇಲಿ ಬೆಳುದ್ನಲ್ಲ, ಬೆಂದೋದ್ನಾ?”

“ಓ, ಅದಕ್ಕೇನಾ ನಮ್ಮನೆಗೆ ಬಂದ್ರೆ ಫ್ಯಾನ್ ಕೆಳಗಿಂದ ಏಳೋದೇ ಇಲ್ಲ ಅಳಿಯಂದ್ರು!”

ನೆಂಟರು ನಕ್ಕರು. ಅದು ಹೋಗಲಿ, ಚಂದುವೂ ನಕ್ಕ. ಶಾಂತಲಾ ಅಷ್ಟಕ್ಕೇ ಬಿಡದೆ, “ಒಲೆ ಆರಿಸಿ, ಸೊಪ್ಪೆಲ್ಲ ಮಾರಿ ಆದ್ಮೇಲೆ ಹೇಳಿ ಕಳಿಸಿ, ಆಗ ಮಗೂನ ಕಳಿಸ್ತೀನಿ” ಎಂದು ಎಲ್ಲರೆದುರಿಗೆ ಮಾತು ಮುಗಿಸಿದಳು. ಸೊಪ್ಪು ಮಾರಿ ಮುಗಿಯುವುದೆಂದರೆ ಸಂಕ್ರಾಂತಿಯ ಹತ್ತಿರ. ಅಷ್ಟರಲ್ಲಿ ಮಗು ಆ ಮನೆಯ ಹಜಾರದಲ್ಲಿ ಅಂಬೆಗಾಲಿಟ್ಟು ಅದನ್ನೇ ತನ್ನ ಮನೆ ಅಂದುಕೊಂಡಿರುತ್ತದೆ. ಮಗು ಇದ್ದ ಕಡೆ ರಮ್ಯ. ರಮ್ಯ ಇದ್ದ ಕಡೆ ಚಂದು, ಫ್ಯಾನಿನ ಕೆಳಗೆ. ಸುನಂದಮ್ಮ ಅವತ್ತೇ ನಿಶ್ಚಯ ಮಾಡಿದಳು: ಈ ಸಲ ಬ್ಯಾರನ್ ಉರಿಯುತ್ತಿರುವಾಗಲೇ ಆ ಮಗು ತನ್ನ ಒಳಕೋಣೆಯಲ್ಲಿ ಮಲಗಬೇಕು. ಬೇರೆ ಜಾಗವಿಲ್ಲ, ಇದ್ದದ್ದು ಅದೊಂದೇ ನಿವೇಶನ. ಹಳೆಯದನ್ನು ಕೆಡವಿ ಅಲ್ಲೇ ಕಟ್ಟಬೇಕು.

ಹೇಗೆ ಕಟ್ಟಬೇಕು ಎನ್ನುವುದು ಬಿಳಿಕೆರೆಯಲ್ಲಿ ತಿಳಿಯಿತು. ಮೈಸೂರಿನಿಂದ ಬರುವಾಗ ಬಸ್ಸು ಕೆಟ್ಟು ನಿಂತಿತ್ತು. ಪಕ್ಕದ ಬೇಕರಿಯಲ್ಲಿ ಬನ್ನು ತಿನ್ನುತ್ತ ಗೋಡೆಗೆ ಒರಗಿ ಕೂತಿದ್ದಾಗ ಬೇಕರಿಯವನು ಆ ಗೋಡೆಯ ಆಚೆಯಿಂದಲೇ ಕಾದ ಬ್ರೆಡ್ಡಿನ ತಟ್ಟೆ ಎಳೆದು ತಂದ. ಅವಳು ಬೆನ್ನು ಮುಟ್ಟಿ ನೋಡಿಕೊಂಡಳು, ತಣ್ಣಗೇ ಇತ್ತು.

“ಇದ್ರ ಇಂದೇನೇ ಒಲೆ ಅದಾ?”

“ಹೂಂ ಕಣಮ್ಮ, ಬೆಳಿಗ್ಗೆಯಿಂದ ಉರೀತಾ ಇದೆ. ಎರಡು ಗೋಡೆ ಇದೆ. ನಡುವೆ ಸಂದು ಬಿಟ್ಟಿದ್ದೀವಿ.”

“ಸಂದಲ್ಲಿ ಏನಾಕಿದ್ದೀರಿ?”

“ಏನೂ ಇಲ್ಲ. ಬರೀ ಗಾಳಿ. ಕೂತಿರೋ ಗಾಳಿ ಶಾಖ ದಾಟಿಸಲ್ಲ.”

ಆ ವರ್ಷ ಸುನಂದಮ್ಮ ಮೂಗು ಮುರಿಯದೆ ಒಪ್ಪಿಕೊಂಡ ಮಾತು ಇದೊಂದೇ.

ಇನ್ನು ಬ್ಲಾಕು ಆರಿಸುವ ಕೆಲಸ. ಬ್ಯಾರನ್ನಿನ ಆ ಕಡೆಯ ಹಳೇ ಗೋಡೆಯನ್ನೂ ತೆಗೆದು, ಬೆಂಕಿಯ ಕಡೆಗೆ ಆರಿಂಚಿನ ಬ್ಲಾಕು, ಮನೆಯ ಕಡೆಗೆ ನಾಲ್ಕಿಂಚಿನದು, ನಡುವೆ ನಾಲ್ಕು ಬೆರಳು ಸಂದು ಎಂದು ಲೆಕ್ಕ ಹಾಕಿದಳು. ಬೆಂಕಿಗೆ ಎದೆ ಕೊಟ್ಟು ನಿಲ್ಲುವ ಬ್ಲಾಕು ಹಾದಿಬೀದಿಯಲ್ಲಿ ಸಿಗುವುದೇ? ಹುಣಸೂರು ರಸ್ತೆಯ ಒಂದು ಬ್ಲಾಕ್ ಯಾರ್ಡಿಗೆ ಹೋದಳು. ಅದರ ಮಾಲೀಕ ಕಿರಣ್‌ಕುಮಾರ್ ಕುರ್ಚಿಯಿಂದ ಏಳಲಿಲ್ಲ, ಮೊಬೈಲಿನಿಂದ ಕಣ್ಣೂ ಎತ್ತಲಿಲ್ಲ.

“ಎರಡು ಗೋಡೆ ಯಾಕಮ್ಮ? ಹಾಲೋ ಬ್ಲಾಕ್ ತಗೊಳ್ಳಿ. ಒಳಗೇ ತೂತಿರುತ್ತೆ. ಒಂದೇ ಗೋಡೇಲಿ ಕೆಲಸ ಮುಗಿಯುತ್ತೆ.”

ಸುನಂದಮ್ಮ ಹಾಲೋ ಬ್ಲಾಕಿನ ತೂತಿಗೆ ಕೈಹಾಕಿ, ಎರಡು ತೂತಿನ ನಡುವಿನ ಅಡ್ಡಪಟ್ಟಿಯನ್ನು ತಟ್ಟಿದಳು. “ತೂತು ಸರಿ ಕಣಪ್ಪ, ಇದೇನು? ಈ ಕಡೆ ಗೋಡೆ ಆ ಕಡೆ ಗೋಡೇನ ಕೈ ಇಡ್ಕಂಡೇ ನಿಂತದಲ್ಲ. ಶಾಖ ಬಂದು ನಿನ್ ತೂತಿಗೆ ಬಿದ್ದು ಸಾಯ್ತದಾ, ಇಲ್ಲ ಈ ಸೇತುವೆ ಮೇಲೆ ನಡ್ಕಂಡು ಬತ್ತದಾ?”

“ಸರಿ, ತೂತಿಲ್ಲದ ಸಾಲಿಡ್ಡೇ ನೋಡಿ ಹಂಗಾದ್ರೆ. ಎಲ್ಲಾ ಮೆಷಿನ್ ಬ್ಲಾಕು.”

ಸೊಪ್ಪಿನ ಎಲೆಯನ್ನು ಹೆಬ್ಬೆರಳಲ್ಲಿ ಸವರಿಯೇ ಯಾವ ದರ್ಜೆ ಎಂದು ಬೇರೆ ಮಾಡುವ ಕೈ ಅವಳದು. ಬ್ಲಾಕಿನ ಮೂಲೆಯನ್ನೂ ಹಾಗೆಯೇ ಸವರಿದಳು. ಹಿಟ್ಟು ಉದುರಿದ ಹಾಗೆ ಪುಡಿ ಉದುರಿತು.

“ಇದುಕ್ಕೆ ನೀರು ಕುಡ್ಸಿದ್ದೀಯಾ?”

“ದಿನಾ ಹೊಡೀತೀವಲ್ಲಮ್ಮ.”

“ಸುಳ್ಳೇಳಿದ್ರೂ ಒಸಿ ನೆಲ ನೆನ್ಸಿ ಏಳ್ಬೇಕು ಕಣಪ್ಪ. ಬ್ಲಾಕ್ ಬುಡದಲ್ಲಿ ಕೋಳಿ ಮಣ್ಣು ಕೆದ್ರಿ ದೂಳಲ್ಲಿ ಒಳ್ಳಾಡ್ತಾವೆ.” ಹಾಗೆಂದವಳೇ ಬ್ಲಾಕನ್ನು ಸೊಂಟದೆತ್ತರಕ್ಕೆ ಎತ್ತಿ ಕೈಬಿಟ್ಟಳು. ಅದು ಮೂರು ಚೂರಾಯಿತು. ಕಿರಣ್‌ಕುಮಾರ್ ಆಗ ಎದ್ದು ನಿಂತ.

“ಮೆಷಿನ್ ಬ್ಲಾಕ್ ಕಣಮ್ಮ ಅದು!”

“ಮೆಷಿನ್ನೂ ನಿನ್ ಜೊತೆ ಸೇರ್ಕಂಡದೆ ಬುಡು.”

ಹೆಗ್ಗಡದೇವನಕೋಟೆ ಕಡೆಯ ಒಂದು ಯಾರ್ಡಿನಲ್ಲಿ ಬ್ಲಾಕು ಗಟ್ಟಿಯಿತ್ತು, ಆದರೆ ಒಂದು ತುದಿ ದಪ್ಪ, ಇನ್ನೊಂದು ತುದಿ ಸಣ್ಣ. “ಇದ್ರಲ್ಲಿ ಗೋಡೆ ಅಲ್ಲ, ಜಾರುಬಂಡೆ ಕಟ್ಬೋದು” ಎಂದು ಬಂದಳು. ಪಿರಿಯಾಪಟ್ಟಣದಲ್ಲಿ ಒಬ್ಬ ಬ್ಲಾಕಿಗೆ ಬಣ್ಣ ಬಳಿದಿಟ್ಟಿದ್ದ. ಅವನ ಹತ್ತಿರ ಮಾತೇ ಆಡಲಿಲ್ಲ. ಕೊನೆಗೆ ಒಳ್ಳೆಯ ಬ್ಲಾಕು ಸಿಕ್ಕಿದ್ದು ಎಲ್ಲಿ ಅಂತೀರಿ, ಬೀಗಿತ್ತಿಯ ಊರಾದ ಕೃಷ್ಣರಾಜನಗರದಲ್ಲೇ! ಕಾಲುವೆ ಪಕ್ಕದ ಯಾರ್ಡು. ಸಾಲುಗಳಿಗೆಲ್ಲ ಒದ್ದೆ ಗೋಣಿಚೀಲ ಹೊದಿಸಿತ್ತು, ಅಡಿಯಲ್ಲಿ ಪಾಚಿ ಕಟ್ಟಿತ್ತು. ಅವಳು ಎತ್ತಿ ಬಿಟ್ಟ ಬ್ಲಾಕು ನೆಲದಲ್ಲಿ ಗುಂಡಿ ಮಾಡಿಕೊಂಡು ಕೂತಿತೇ ಹೊರತು ಮುಕ್ಕಾಗಲಿಲ್ಲ. ಮಾಲೀಕ ಲಿಂಗಯ್ಯ ಬೀಡಿ ಬಾಯಿಂದ ತೆಗೆಯದೆ, “ಆಮ್ಯಾಕೆ ನೀವೇ ಒಡಿಬೇಕು ಅಂದ್ರೂ ಒಡೆಯಕಿಲ್ಲ, ನೋಡ್ಕಳಿ” ಎಂದ.

“ಒಡೆಯಕ್ಕೆ ಅಂತ ಯಾರಪ್ಪ ಮನೆ ಕಟ್ಟಾರು?” ಎಂದು ಅವನಿಗೂ ಒಂದು ಕೊಟ್ಟು, ಬೀಗರ ಬೀದಿಯಲ್ಲಿ ಹಾಯದೆ ಸುತ್ತು ದಾರಿಯಲ್ಲಿ ಲಾರಿ ಹೊರಡಿಸಿದಳು.

ಕಟ್ಟುವುದಕ್ಕೆ ಕಂಠಪ್ಪ ಮೇಸ್ತ್ರಿ ಒಬ್ಬನನ್ನೇ ಕರೆದಳು. ಉಳಿದದ್ದಕ್ಕೆಲ್ಲ ಗಂಡ, ಹೆಂಡತಿ, ಮಗ. ಸಂದು ಬಿಡು ಎಂದಾಗ ಕಂಠಪ್ಪ ಕರಣೆ ಕೆಳಗಿಟ್ಟ.

“ಯಾಕವ್ವ, ಇಲಿ ಸಾಕ್ತೀರಾ?”

“ನೀನು ಕರಣೆ ಇಡಿ. ತಲೆ ನಾನಿಡ್ಕತೀನಿ.”

ಸಂದಿಗೆ ಗಾರೆ ಉದುರಿ ಕೂರಬಾರದೆಂದು ಅವಳು ಒಂದು ಹಲಗೆಗೆ ಹಗ್ಗ ಕಟ್ಟಿ ಒಳಗೆ ಇಳಿಬಿಟ್ಟು, ಗೋಡೆ ಏರಿದ ಹಾಗೆ ಹಲಗೆಯನ್ನೂ ಮೇಲೆಳೆಯುತ್ತ ಕಾವಲು ನಿಂತಳು. ಯಾಕೆ ಏನು ಎಂದು ಒಬ್ಬರಿಗೂ ಹೇಳಲಿಲ್ಲ. ಪಕ್ಕದ ಹೊಲದ ದೊಡ್ಡಮಾದಯ್ಯ ಬಂದು ನೋಡಿದ. ಗೋಡೆಗೆ ಕೆನ್ನೆಯಿಟ್ಟೇ ಬ್ಯಾರನ್ನು ಎಲ್ಲಿ ಶಾಖ ಬಿಡುತ್ತಿದೆ ಎಂದು ಹೇಳುವ ಹಿರಿಯ ಅವನು.

“ಏನವ್ವ ಇದು ಸಂದು?”

“ನಿಮ್ಗೇಳಿದ್ರೆ ಸಂಜೆ ಒಳಗೆ ನಾಕೂರಿಗೆ ಗೊತ್ತಾಯ್ತದೆ ಮಾದಣ್ಣ. ಗೊತ್ತಾಗಿ ಯಾವನ್ಗೂ ಅರ್ಥ ಆಗಕಿಲ್ಲ. ಬುಡಿ.”

ರಾತ್ರಿ ಊಟಕ್ಕೆ ಕೂತಾಗ ನಂಜುಂಡಸ್ವಾಮಿಯೂ ಕೇಳಿದ. “ಮುದ್ದೆ ತಣ್ಣಗಾಯ್ತದೆ, ಉಣ್ಣಿ” ಎಂದಳು.

ಗೋಡೆ ಸೂರಿನ ಮಟ್ಟಕ್ಕೆ ಬರುವ ಹೊತ್ತಿಗೆ ಕೃಷ್ಣರಾಜನಗರದಲ್ಲಿ ರಮ್ಯ ಹೆಣ್ಣುಮಗು ಹೆತ್ತಳು. ತೊಟ್ಟಿಲ ಶಾಸ್ತ್ರಕ್ಕೆ ಹೋದ ಸುನಂದಮ್ಮ ಮೊಮ್ಮಗಳನ್ನು ಮಡಿಲಿಂದ ಇಳಿಸಲಾರದೆ ಕೆಲವು ದಿನ ಅಲ್ಲೇ ಉಳಿದಳು. ಉಳಿದಷ್ಟು ದಿನವೂ ಶಾಂತಲಾ ಹಾಲು ಕೊಡುವಾಗ ಒಂದು ಚುಚ್ಚು, ಅನ್ನ ಬಡಿಸುವಾಗ ಒಂದು ಚುಚ್ಚು.

ಇತ್ತ ಊರಲ್ಲಿ ಬ್ಯಾರನ್ ಮೆತ್ತುವ ಕಾಲ ಬಂದಿತ್ತು. ಮೊದಲ ಸೊಪ್ಪು ಏರಿಸುವ ಮುಂಚೆ ಊರವರು ಮುಯ್ಯಾಳಾಗಿ ಸೇರಿ, ಇವತ್ತು ಇವರದು, ನಾಳೆ ಅವರದು ಎಂದು ಒಬ್ಬೊಬ್ಬರ ಬ್ಯಾರನ್ನಿನ ಬಿರುಕಿಗೂ ಕೆಮ್ಮಣ್ಣು ಮೆತ್ತುತ್ತಾರೆ. ಅಲ್ಲಿಯ ಮಂದಿಗೆ ಸಂದು ಎಂದರೆ ಶಾಖ ಕದಿಯುವ ಕಳ್ಳ. ಸಂದು ಉಳಿಸಿದರೆ ಸೊಪ್ಪು ಬಣ್ಣ ಕಟ್ಟದೆ ಹಸಿರಾಗೇ ನಿಂತುಬಿಡುತ್ತದೆ. ಹಾಗಾಗಿ ಸಂದು ಕಂಡರೆ ಅವರ ಕೈ ಕೇಳುವುದಿಲ್ಲ, ತಾನಾಗಿ ಮಣ್ಣಿಗೆ ಹೋಗುತ್ತದೆ. ನಂಜುಂಡಸ್ವಾಮಿಯ ಬ್ಯಾರನ್ ಮೆತ್ತಿ ಮುಗಿಸಿದಾಗ ಕಲಸಿದ ಮಣ್ಣು ರಾಶಿ ಉಳಿಯಿತು. ಎದುರಿಗೆ ನಾಲ್ಕು ಬೆರಳಿನ ಸಂದು ಬಾಯಿ ಬಿಟ್ಟುಕೊಂಡು ನಿಂತಿತ್ತು.

ದೊಡ್ಡಮಾದಯ್ಯ ಬಗ್ಗಿ ನೋಡಿ, “ಈಗ ತಿಳೀತು ಕಣ್ಲಾ! ಎರಡು ಗೋಡೆ ಎಬ್ಬಿಸಿ ನಡುವೆ ಮಣ್ಣು ಗಿಡಿಯಕ್ಕೆ ಬುಟ್ಟವ್ಳೆ. ಕೋಟೆ ಗೋಡೆ ಅಂಗೆ! ಬುದ್ಧಿವಂತೆ ಕಣಪ್ಪ ನಿನ್ನೆಂಡ್ತಿ” ಎಂದ.

ನಂಜುಂಡಸ್ವಾಮಿಗೆ ಹೆಮ್ಮೆಯಾಯಿತು. ಎಲ್ಲರೂ ಸೇರಿ ಆ ಸಂದಿನ ತುಂಬ ಕೆಮ್ಮಣ್ಣು ಸುರಿದು, ಬಿದಿರು ಗಳುವಿನಲ್ಲಿ ಗಿಡಿದು ಗಿಡಿದು, ಸೂರಿನ ಮಟ್ಟಕ್ಕೆ ತುಂಬಿ, ಮೇಲೆ ಕೈಯಲ್ಲಿ ನುಣ್ಣಗೆ ಸವರಿದರು. ಉಪ್ಪಿಟ್ಟು, ಕಾಫಿ ಆಯಿತು.

ಸುನಂದಮ್ಮ ಬಸ್ಸಿಳಿದು ಬಂದಾಗ ಗಂಡ ಹಟ್ಟಿಬಾಗಿಲಲ್ಲೇ ಕಾದಿದ್ದ. “ನಿನ್ ಕೆಲ್ಸ ಒಸಿ ಅಗುರ ಮಾಡಿದ್ದೀವಿ, ಬಂದ್ ನೋಡು.”

ಅವಳು ಏಣಿ ಹತ್ತಿ ನೋಡಿದಳು.

“ಯಾವನು ಏಳ್ದೋನು?”

“ಯಾರೂ ಏಳ್ಳಿಲ್ಲ, ನಾವೇ...”

“ನೀವೇ! ಸಗಣಿ ತುಂಬೋ ತಲೆಗೆ ಮಣ್ಣು ತುಂಬ್ಕಂಡಿದ್ದೀರಿ, ಮಿಕ್ಕುದ್ದು ನನ್ ಗೋಡೆಗೆ ತುಂಬಿದ್ದೀರಿ!” ಇಳಿದವಳೇ ಸುತ್ತಿಗೆ ಎತ್ತಿಕೊಂಡು ಮನೆ ಕಡೆಯ ಗೋಡೆಗೆ ಬಾರಿಸಿದಳು. ಸುತ್ತಿಗೆ ಚಿಮ್ಮಿ ಹಿಂದಕ್ಕೆ ಬಂತು. ಇನ್ನೊಂದು ಬಾರಿಸಿದಳು. ಲಿಂಗಯ್ಯ ಹೇಳಿದ ಮಾತು ನಿಜವಿತ್ತು: ನಾಲ್ಕು ತಾಲ್ಲೂಕು ಅಲೆದು ಆರಿಸಿದ ಬ್ಲಾಕಿನ ಮೇಲೆ ಬಿಳಿಯ ಚುಕ್ಕೆ ಬಿತ್ತೇ ವಿನಾ ಒಂದು ಚಕ್ಕೆಯೂ ಏಳಲಿಲ್ಲ. ಅವಳ ಅಂಗೈಯಲ್ಲಿ ಮಾತ್ರ ಬೊಬ್ಬೆ ಎದ್ದಿತು.

ಸದ್ದು ಕೇಳಿ ದೊಡ್ಡಮಾದಯ್ಯ ಬಂದ. “ಯಾಕವ್ವ, ಗೋಡೆ ಏನ್ ಮಾಡ್ತು ನಿಂಗೆ?”

“ಗೋಡೆ ಏನೂ ಮಾಡ್ಲಿಲ್ಲ ಮಾದಣ್ಣ. ಅದುಕ್ಕೆ ಗಾಳಿ ಬೇಕಿತ್ತು. ಮಣ್ಣಲ್ಲ.” ಬೇಕರಿಯ ಒಲೆ, ಎರಡು ಗೋಡೆ, ಕೂತಿರುವ ಗಾಳಿ, ಬೀಗಿತ್ತಿ ಬೆರಳೆತ್ತಿ ಆಡಿದ ಮಾತು ಎಲ್ಲವನ್ನೂ ಮೊದಲ ಸಲ ಹೇಳಿದಳು. “ಈಗ ಬೆಂಕಿ ಆಕಿದ್ರೆ ಆ ಮಣ್ಣು ಕಾಯ್ತದೆ, ಅದು ಕಾದ್ರೆ ಈ ಗೋಡೆ ಕಾಯ್ತದೆ. ಮಗು ಬರಕಿಲ್ಲ.”

ದೊಡ್ಡಮಾದಯ್ಯ ಬಾಯಲ್ಲಿದ್ದ ಎಲೆಯಡಿಕೆ ಉಗಿದು ಬಂದ. “ಇಷ್ಟೇಯಾ? ಇಷ್ಟನ್ನ ಏಳಕ್ಕೆ ನಿನ್ ಬಾಯ್ಗೆ ಏನಾಗಿತ್ತವ್ವ? ಕಂಡೋರ ಮನೆ ಕಂಬ ಬೈಯಕ್ಕೆ ಬಸ್ಸಲ್ಲೆಲ್ಲ ಆಡ್ತದಲ್ಲ ಅದು! ಊರಿಗೂರೇ ಸಂದು ಮುಚ್ತಾ ಇರೋ ಒತ್ನಲ್ಲಿ ಸಂದು ಬುಟ್ಟು ಬಾಯಿ ಮುಚ್ಕಂಡು ಓಗಿದ್ದೀಯ. ಮುಚ್ಚದೆ ಪೂಜೆ ಮಾಡಾನಾ?”

“ನಿಮ್ ತಲೆಗೆ ಓಗ್ತದೆ ಅಂತ ಅನ್ಕಳ್ಳಿಲ್ಲ.”

“ಓಯ್ತಲ್ಲ ಈಗ. ನೋಯ್ತಾ?”

ಮುದುಕ ಗೋಡೆಯ ಬುಡವನ್ನು ಕಾಲಲ್ಲಿ ತಟ್ಟುತ್ತ ಉದ್ದಕ್ಕೂ ನಡೆದ. ಬ್ಯಾರನ್ನಿನ ಒಲೆಯಿಂದ ಹೊರಡುವ ತಗಡಿನ ಕೊಳವೆಗಳಲ್ಲಿ ಪ್ರತಿ ವರ್ಷ ಮಸಿ ಕಟ್ಟುತ್ತದೆ. ಅದನ್ನು ಎಳೆದು ತೆಗೆಯುವುದಕ್ಕೆ ಉದ್ದ ಹಿಡಿಯ ಕಬ್ಬಿಣದ ಗೋರೆ ಎಲ್ಲರ ಮನೆಯಲ್ಲೂ ಇರುತ್ತದೆ. “ಬ್ಲಾಕ್ ಒಡೀಬ್ಯಾಡಿ. ಕಂಠಪ್ಪನ್ನ ಕರಿ, ಬುಡದ ಸಾಲಲ್ಲಿ ಗಾರೆ ಕೊರ್ದು ಅಲ್ಲೊಂದು ಇಲ್ಲೊಂದು ಬ್ಲಾಕ್ ಕಿತ್ಕಳನ. ಮೇಲಿಂದ ನೀರು ಬುಟ್ಟು ನೆನೆಸಿ, ಕೆಳಗಿಂದ ಗೋರೆ ಆಕಿ ಎಳುದ್ರೆ ಬತ್ತದೆ. ಮಣ್ಣು ಇನ್ನೂ ಅಸಿ ಅದೆ.”

ಮರುದಿನ ಬೆಳಿಗ್ಗೆ ತುಂಬಿದವರೇ ಎಲ್ಲ ಗೋರೆ ಹೊತ್ತು ಬಂದರು. ಮೇಲಿಂದ ಗಳು ಹಾಕಿ ಕುಕ್ಕುವವರು ಕುಕ್ಕಿದರು, ಕೆಳಗೆ ಕೂತು ಎಳೆಯುವವರು ಎಳೆದರು. ನೀರಿನ ಜೊತೆ ಕೆಮ್ಮಣ್ಣು ಒಳಕೋಣೆಗೆ ಹರಿದು ಎಲ್ಲರ ಮಂಡಿಯೂ ಕೆಂಪಾಯಿತು. ಎಳೆದಷ್ಟು ಹೊತ್ತೂ ಅವರ ಬಾಯಿ ಸುಮ್ಮನಿರಲಿಲ್ಲ.

“ಗಾಳಿ ತುಂಬಕ್ಕೆ ಎಷ್ಟು ಜನ ಬೇಕಣ್ಣ?”

“ಮೇಸ್ತ್ರಿ, ನಿಮ್ ಇಲಿ ಎಲ್ಲಿ ಓದ್ವು?”

“ಸುನಂದಕ್ಕ, ಗಾಳಿ ಯಾವೂರಿಂದ ತರ್ಸ್ತೀರಿ? ಅದೂ ಕೆ.ಆರ್. ನಗರದ್ದೇಯಾ?”

ಸುನಂದಮ್ಮ ಮಂಕರಿಯಲ್ಲಿ ಮಣ್ಣು ಹೊತ್ತು ಹೊರಗೆ ಸುರಿಯುತ್ತ ಒಂದಕ್ಕೂ ಉತ್ತರ ಕೊಡಲಿಲ್ಲ. ನಾಲಗೆ ತುದಿಯವರೆಗೂ ಬಂದದ್ದನ್ನು ನುಂಗಿದಳು. ಮನೆ ಕಟ್ಟಿದ ಕಷ್ಟಕ್ಕಿಂತ ಅದೇ ದೊಡ್ಡದಾಗಿತ್ತು. ಸಂಜೆ ಹೊತ್ತಿಗೆ ಸಂದು ಬರಿದಾಯಿತು. ಬಡಗಣ ಮೂಲೆಯಲ್ಲಿ ಮಾತ್ರ, ಎರಡು ಗೋಡೆಗೆ ಹಿಡಿತಕ್ಕೆಂದು ಕೊಟ್ಟ ಕಂಬಿಗಳ ನಡುವೆ ಮಣ್ಣು ಕಚ್ಚಿಕೊಂಡು, ಯಾವ ಗೋರೆಗೂ ಬರಲಿಲ್ಲ. ಕಂಠಪ್ಪ ಕಿತ್ತ ಬ್ಲಾಕುಗಳನ್ನು ಮತ್ತೆ ಕೂರಿಸಿದ. ಆಮೇಲೆ ಮನೆಗೆ ತಾರಸಿ ಹಾಕಿದ್ದಾಯಿತು. ಮೊದಲ ಸೊಪ್ಪೂ ಏರಿತು.

ಬ್ಯಾರನ್ನು ಭರ್ತಿ ಉರಿಯುತ್ತಿದ್ದ ಒಂದು ಮಧ್ಯಾಹ್ನ, ಹೊರಗೆ ಜಿಟಿಜಿಟಿ ಮಳೆ ಹಿಡಿದಿದ್ದಾಗ, ಬಾಡಿಗೆ ಕಾರು ಬಂದು ನಿಂತಿತು. ಬೆಂಕಿ ಉರಿಯುವಾಗಲೇ ಬಂದು ಗೋಡೆ ಮುಟ್ಟಿ ನೋಡಿ ಎಂದು ಸುನಂದಮ್ಮನೇ ಬೀಗಿತ್ತಿಗೆ ಹೇಳಿ ಕಳಿಸಿದ್ದಳು. ಶಾಂತಲಾ ಇಳಿದಳು, ಮಗು ಎತ್ತಿಕೊಂಡ ರಮ್ಯ ಇಳಿದಳು. ಶಾಂತಲಾ ಮೊದಲು ಆಡಿದ ಮಾತು ಡ್ರೈವರಿನ ಹತ್ತಿರ: “ಗಾಡಿ ತಿರುಗಿಸಿಟ್ಕೊಳಪ್ಪ. ಈಗಲೇ ವಾಪಸ್ ಹೊರಡ್ತೀವಿ ಎಲ್ಲಾರೂ.”

ಒಳಕೋಣೆಗೆ ಬಂದು ಗೋಡೆಗೆ ಅಂಗೈ ಇಟ್ಟಳು. ಇನ್ನೊಂದು ಕಡೆ ಇಟ್ಟಳು. ಹುಬ್ಬು ಗಂಟಿಕ್ಕಿತು. “ಬೆಂಕಿ ಹಾಕೇ ಇಲ್ಲ ನೀವು. ನಾನು ಬರ್ತೀನಿ ಅಂತ ಆರಿಸಿದ್ದೀರಿ.”

“ಬನ್ನಿ ತೋರಿಸ್ತೀನಿ.” ಸುನಂದಮ್ಮ ಅವಳನ್ನು ಆಚೆಗೆ ಕರೆದೊಯ್ದು ಒಲೆಯ ತಗಡಿನ ಬಾಗಿಲನ್ನು ಎಳೆದಳು. ಝಳ ಮುಖಕ್ಕೆ ಬಡಿದು ಶಾಂತಲಾ ಸೆರಗು ಮುಚ್ಚಿಕೊಂಡು ಹಿಂದಕ್ಕೆ ಹಾರಿದಳು.

“ಇನ್ನೂ ಒಸಿ ಅತ್ರ ಬನ್ನಿ ಬೀಗಿತ್ತಿಯೋರೇ, ಇಲ್ಲಿಂದ ಸರಿಯಾಗಿ ಕಾಣ್ದು.”

“ಸಾಕು, ಸಾಕು!”

ಮತ್ತೆ ಒಳಗೆ ಬಂದು, ಈ ಸಲ ಗೋಡೆಯುದ್ದಕ್ಕೂ ಕೈ ಸವರಿಕೊಂಡು ಹೋದಳು. ಬಡಗಣ ಮೂಲೆಗೆ ಬಂದಾಗ ಅವಳ ಮುಖ ಅರಳಿತು. “ಇಲ್ಲಿ! ಇಲ್ಲಿ ಮುಟ್ಟಿ ನೋಡಿ, ಬೆಚ್ಚಗಿದೆ. ನಾನು ಹೇಳಲಿಲ್ವಾ? ಇದೇನಿದು?”

ಸುನಂದಮ್ಮ ಮೂಲೆಯನ್ನು ನೋಡಿದಳು. ಬಾಗಿಲಾಚೆ ದೊಡ್ಡಮಾದಯ್ಯ ಸೌದೆಯ ಮೇಲೆ ಕೂತು ಕಿವಿಕೊಟ್ಟಿದ್ದ.

“ಅದಾ? ಅದು ನಾವು ಬೇಕು ಅಂತ್ಲೇ ಮಾಡ್ಸಿರದು. ಮಗೀನ್ ಬಟ್ಟೆ ಒಣಗಾಕಕ್ಕೆ. ಈ ಮಳೇಲಿ ನಿಮ್ಮನೇಲಿ ಎಲ್ಲೊಣಗ್ತಾವೆ, ಏಳಿ ನೋಡಮ?”

ಆಚೆ ಮುದುಕ ಕೆಮ್ಮಿದ. ನಗುವಿಗೆ ಕೆಮ್ಮಿದನೋ, ಹೊಗೆಗೆ ಕೆಮ್ಮಿದನೋ. ಶಾಂತಲಾ ಬಾಯಿ ತೆರೆಯುವ ಮೊದಲೇ ರಮ್ಯ ಮಾತಾಡಿದಳು: “ಎಲ್ಲೂ ಒಣಗಲ್ಲ ಅತ್ತೆ. ವಾರದಿಂದ ಒಂದೂ ಒಣಗಿಲ್ಲ, ಮನೆ ತುಂಬ ಮುಗ್ಗಲು ವಾಸನೆ. ಇಸ್ತ್ರಿ ಪೆಟ್ಟಿಗೆ ಹಾಕಿ ಹಾಕಿ ನನ್ ಕೈ ಬಿದ್ದೋಗಿದೆ.” ಅವಳು ಮಗುವನ್ನು ಅತ್ತೆಯ ಕೈಗೆ ಕೊಟ್ಟು, ಚೀಲದಿಂದ ಒದ್ದೆ ಬಟ್ಟೆಗಳನ್ನು ತೆಗೆದು ಒಂದೊಂದಾಗಿ ಆ ಮೂಲೆಗೆ ತಗುಲಿಸತೊಡಗಿದಳು. ಸುನಂದಮ್ಮ ಗೋಡೆಯ ಇನ್ನೊಂದು ತುದಿಯಲ್ಲಿ, ತಣ್ಣಗಿದ್ದ ಕಡೆ ಕೌದಿ ಹಾಸಿ ಮೊಮ್ಮಗಳನ್ನು ಮಲಗಿಸಿದಳು. ಮಗು ಒಂದು ಸಲ ಮುಖ ಕಿವಿಚಿ, ಮುಷ್ಟಿ ಬಾಯಿಗಿಟ್ಟುಕೊಂಡು ನಿದ್ದೆ ಹೋಯಿತು.

ಹೊರಗೆ ಡ್ರೈವರು ಹಾರ್ನ್ ಹೊಡೆದ. ಶಾಂತಲಾ ಮಗಳ ಕಡೆ ನೋಡಿದಳು. ಮಗಳು ಬಟ್ಟೆಯ ಕಡೆ ನೋಡುತ್ತಿದ್ದಳು. ಕೊನೆಗೆ ಒಬ್ಬಳೇ ಹೋಗಿ ಕಾರು ಹತ್ತಿ, ಕಿಟಕಿ ಇಳಿಸಿ, “ಬರೋ ವಾರ ಮತ್ತೆ ಬಂದು ಮುಟ್ಟಿ ನೋಡ್ತೀನಿ ಗೋಡೇನ” ಎಂದಳು.

“ಬನ್ನಿ, ಬನ್ನಿ,” ಎಂದಳು ಸುನಂದಮ್ಮ. “ಬರುವಾಗ ನಿಮ್ಮನೆ ಒಗೆದ ಬಟ್ಟೆನೂ ತಗೊಂಬನ್ನಿ. ಒಣಗಿಸಿ ಕೊಡ್ತೀನಿ.”